ಹೇಳಿದವರು ಯಾರು?

ತರೀಕೆರೆಯ ನಮ್ಮ ಶಾಲೆಯಲ್ಲಿ 2023ರ ವಾರ್ಷಿಕೋತ್ಸವಕ್ಕೆ ಎಂಟನೆಯ ತರಗತಿಯ ಹುಡುಗಿಯರು ‘ಎಂಜಾಯ್ ಎಂಜಾಮಿ’ ಎಂಬ ತಮಿಳು ರ‍್ಯಾಪ್ ಹಾಡಿಗೆ ಕುಣಿಯುತ್ತೇವೆಂದು ಬಂದರು. “ಕನ್ನಡದಲ್ಲಿ ಹಾಡಿಗೆ ಬರವೇನ್ರೇ? ಇದು ಹಾಡೋ ಜಗಳವೋ?” ಎಂದು ಗದರಿಸಿದೆ. ಭದ್ರಾವತಿಯಿಂದ ಬರುವ, ತಮಿಳು ಬಲ್ಲ ಸಹೋದ್ಯೋಗಿಯೊಬ್ಬರು ನಕ್ಕು, “ಜಗಳವಲ್ಲ ಮೇಡಂ, ಅಜ್ಜಿಯ ಕಥೆ” ಎಂದರು. ಮರುದಿನ ಸ್ಟಾಫ್ ರೂಮಿನಲ್ಲಿ ಸಾಲು ಸಾಲಾಗಿ ಅರ್ಥ ಹೇಳಿದರು. ಆಮೇಲೆ ಕಡೂರಿನ ಬಸ್ಸಿನಲ್ಲಿ ಕೂತು ಅದನ್ನೇ ಮೂರು ಬಾರಿ ಕೇಳಿದೆ.

2021ರ ಮಾರ್ಚ್‌ನಲ್ಲಿ ಬಂದ ಈ ಹಾಡು ಸಿನಿಮಾದ್ದಲ್ಲ. ಹಾಡಿದವರು ದೀ ಮತ್ತು ಅರಿವು. ಸಂಗೀತ ಸಂತೋಷ್ ನಾರಾಯಣನ್ ಅವರದು. ‘ಅರಿವು’ ನಮ್ಮ ವಚನಕಾರರ ಮಾತೇ ಅಲ್ಲವೆ? ಸಿಲೋನಿನ ಚಹಾ ತೋಟದಲ್ಲಿ ದುಡಿದು ಬರಿಗೈಯಲ್ಲಿ ಮರಳಿದ ಅವರ ಅಜ್ಜಿಯ ನೆನಪು ಇದರ ಬೇರು. ಇದು ದೂರದ ಕಥೆಯೇನೂ ಅಲ್ಲ. 1964ರ ಒಪ್ಪಂದದ ನಂತರ ಹೀಗೆ ಮರಳಿದ ಕುಟುಂಬಗಳು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೂ ಬಂದು ನೆಲೆಸಿವೆ.

ಹಾಡಿನ ಗುಣವೂ ದೋಷವೂ ಒಂದೇ. ತಾಳ ಎಷ್ಟು ಕುಣಿಸುತ್ತದೆಂದರೆ ಒಳಗಿನ ಅಳು ಕಿವಿಗೆ ಬೀಳುವುದೇ ಇಲ್ಲ. ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಆ ‘ಒಪ್ಪಾರಿ’ಯ ದನಿ ಇದರ ನಡುವೆ ಬರುತ್ತದೆ. ನಮ್ಮ ಹುಡುಗಿಯರು ಅದಕ್ಕೂ ನಗುತ್ತಲೇ ಹೆಜ್ಜೆ ಹಾಕಿದರು. ಆದರೆ ಬರೀ ಅಳುವಾಗಿದ್ದರೆ ಯೂಟ್ಯೂಬಿನಲ್ಲಿ ನಲವತ್ತು ಕೋಟಿಗೂ ಹೆಚ್ಚು ಸಲ ಯಾರು ನೋಡುತ್ತಿದ್ದರು?

ಇದಕ್ಕೂ ಮೊದಲು, 2019ರಲ್ಲಿ ಅರಿವು ಮತ್ತು ಆಫ್ರೋ ಎಂಬ ಸಂಗೀತಗಾರ ಸೇರಿ ‘ತೆರುಕ್ಕುರಲ್’ ಎಂಬ ಆಲ್ಬಂ ಮಾಡಿದ್ದರು. ತಿರುಕ್ಕುರಳನ್ನು ನೆನಪಿಸುವ ಈ ಹೆಸರಿಗೆ ಬೀದಿಯ ಕೊರಳು ಎಂದರ್ಥ. 2018ರ ತೂತುಕುಡಿ ಗೋಲಿಬಾರಿನಲ್ಲಿ ಸತ್ತ ಹುಡುಗಿ ಸ್ನೋಲಿನ್ ಹೆಸರಿನ ಹಾಡೂ ಅದರಲ್ಲಿದೆ. ಒಬ್ಬರ ಮಾತು, ಇನ್ನೊಬ್ಬರ ತಾಳ. ಇಬ್ಬರ ಹೆಸರೂ ಸಮಸಮ. ‘ಎಂಜಾಮಿ’ಗೆ ಆ ಭಾಗ್ಯವಿರಲಿಲ್ಲ. 2021ರ ಆಗಸ್ಟ್‌ನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ದೀ ಇದ್ದರು, ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಮೊದಲಾದವರು ಪ್ರಶ್ನಿಸಿದರು. ಮರುವರ್ಷ ಅರಿವು, ಕಟ್ಟಿ ಬರೆದು ಹಾಡಿದವನು ನಾನೆಂದರು. ಸಂತೋಷ್, ಮೂವರೂ ಸೇರಿ ಮಾಡಿದ್ದೆಂದರು. 2024ರಲ್ಲಿ ಅದೇ ಸಂತೋಷ್, ಈ ಹಾಡಿನಿಂದ ಮೂವರಿಗೂ ಒಂದು ಪೈಸೆ ಬಂದಿಲ್ಲವೆಂದರು. ಸೇರಿ ಮಾಡಿದ ಅಡುಗೆಯಲ್ಲಿ ಉಪ್ಪು ಯಾರದು, ಹುಳಿ ಯಾರದು ಎಂದು ಬೇರ್ಪಡಿಸುವುದು ಕಷ್ಟ, ನಿಜ. ಆದರೆ ಬಡಿಸುವಾಗ ಒಬ್ಬರನ್ನು ಒಳಕೋಣೆಯಲ್ಲೇ ಬಿಡಬಾರದು.

ಹೀಗೆ ತೀರ್ಪು ಹೇಳಲು ನನಗೆಷ್ಟು ಹಕ್ಕಿದೆ? ಬಿ.ಎಡ್. ಓದುವಾಗ ಜಾನಪದದ ಪ್ರಾಜೆಕ್ಟ್‌ಗೆಂದು ತವರೂರು ಅಜ್ಜಂಪುರದಲ್ಲಿ ಬೀಸುವ ಪದಗಳನ್ನು ಬರೆದುಕೊಂಡಿದ್ದೆ. ಈರುಳ್ಳಿ ಹಸನು ಮಾಡಲು ಮನೆಗೆ ಬರುತ್ತಿದ್ದ ಅಜ್ಜಿಯೊಬ್ಬಳು ನಾಲ್ಕು ಮಧ್ಯಾಹ್ನ ಕೂತು ಹಾಡಿದಳು. ನನ್ನ ಪೆನ್ನು ಹಿಂದೆ ಬಿದ್ದರೆ, “ಬರ್ಕೊಂಡ್ಯೇನವ್ವಾ?” ಎಂದು ಕೇಳಿ ಮತ್ತೆ ಹಾಡುತ್ತಿದ್ದಳು. ಒಳ್ಳೆಯ ಅಂಕ ಬಂತು. ಮೊನ್ನೆ ಟ್ರಂಕಿನಿಂದ ಆ ಪುಸ್ತಕ ತೆಗೆದೆ. ರಟ್ಟಿನ ಮೇಲೆ ದುಂಡಗೆ ನನ್ನ ಹೆಸರು. ಒಳಗೆ, ‘ಹೇಳಿದವರು’ ಎಂಬುದರ ಮುಂದೆ ‘ಓರ್ವ ವೃದ್ಧೆ’.

ಅರಿವು ಅವರ ಹೆಸರು ಬಿಟ್ಟರೆ ಕೇಳಲು ಅವರಿದ್ದರು, ಅವರ ಪರವಾಗಿ ಮಾತಾಡುವವರೂ ಇದ್ದರು. ಈ ಅಜ್ಜಿಯ ಪರವಾಗಿ ಯಾರು ಕೇಳಬೇಕಿತ್ತು?

ಅಜ್ಜಂಪುರಕ್ಕೆ ಫೋನು ಮಾಡಿ ಅತ್ತಿಗೆಯನ್ನು ಕೇಳಿದೆ. ಅವರು ಕೇರಿಯಲ್ಲಿ ನಾಲ್ಕು ಮನೆ ವಿಚಾರಿಸಿ ಬಂದು, “ಎಲ್ಲರೂ ಅಜ್ಜೀಂತಲೇ ಕರೀತಿದ್ರಂತೆ ಕಣೇ” ಎಂದರು.

ಈಗ ನನ್ನ ತರಗತಿಯ ಮಕ್ಕಳು ಅಜ್ಜಿಯಿಂದ ಗಾದೆ, ಒಗಟು, ಪದ ಏನೇ ಬರೆದು ತಂದರೂ ಮೊದಲ ಸಾಲಿನಲ್ಲಿ ಹೇಳಿದವರ ಹೆಸರಿರಬೇಕು. ಇಲ್ಲದಿದ್ದರೆ ಪುಸ್ತಕ ವಾಪಸು ಕೊಡುತ್ತೇನೆ.