ಪೆಟ್ಟಿಗಿಂತ ಮೊದಲೇ ತಟ್ಟುವ ಪಾದ

ಸುಗ್ಗಿ ಮುಗಿದ ಮೇಲೆ ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಬಯಲಾಟಕ್ಕೆ ಕೂತವರ ಮುಖವಲ್ಲ, ಪಾದ ನೋಡಬೇಕು. ರಂಗದ ಮೇಲೆ ಗೆಜ್ಜೆಗಾಲು ಸುತ್ತು ಹಾಕುತ್ತಿರುತ್ತದೆ, ಮದ್ದಲೆ ಮುಕ್ತಾಯಕ್ಕೆ ಹತ್ತಿರವಾಗುತ್ತಿರುತ್ತದೆ. ಕೊನೆಯ ಪೆಟ್ಟು ಬೀಳುವಷ್ಟರಲ್ಲಿ ಚಾಪೆಯ ಮೇಲಿನ ಪಾದ ನೆಲ ತಟ್ಟಿಯಾಗಿರುತ್ತದೆ.

ಸದ್ದು ಕೇಳಿದೊಡನೆ ಬೆರಳು ಒತ್ತಬೇಕೆಂದರೆ ಚುರುಕಿನವರಿಗೂ ಒಂದು ಸೆಕೆಂಡಿನ ಏಳನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಕೇಳಿದ ಮೇಲೆ ತಟ್ಟುವುದಾದರೆ ಪಾದ ಪ್ರತಿ ಸಲವೂ ತಾಳ ತಪ್ಪಬೇಕಿತ್ತು. ಆದರೆ ಒಂದೇ ಲಯದ ಟಿಕ್ ಟಿಕ್ ಸದ್ದಿಗೆ ಬೆರಳು ತಟ್ಟಿಸಿದ ಪ್ರಯೋಗಗಳಲ್ಲಿ ಬಹುತೇಕರ ಬೆರಳು ಸದ್ದಿಗಿಂತ ತುಸು ಮುಂಚೆಯೇ ಬೀಳುತ್ತದೆ. ಕೇಳಿದ ಆವರ್ತಗಳನ್ನೇ ಹಿಡಿದು ಮಿದುಳು ಮುಂದಿನ ಪೆಟ್ಟನ್ನು ಒಳಗೇ ನುಡಿಸಿಬಿಟ್ಟಿರುತ್ತದೆ. ಸುಮ್ಮನೆ ಕೂತು ತಾಳ ಕೇಳುವಾಗಲೂ ಮಿದುಳಿನಲ್ಲಿ ಕೈಕಾಲು ಆಡಿಸುವ ಭಾಗಗಳು ಎಚ್ಚರಗೊಂಡಿರುತ್ತವೆ.

ತಾಯಿಯ ಮಡಿಲಲ್ಲಿ ನಿದ್ದೆಹೋದ ಕೂಸೂ ಈ ಆಟದಿಂದ ಹೊರಗಿಲ್ಲ. ಹಂಗೇರಿಯ ಇಸ್ತ್ವಾನ್ ವಿಂಕ್ಲರ್ ಮತ್ತು ಸಂಗಡಿಗರು ಹುಟ್ಟಿ ಎರಡು ಮೂರು ದಿನವಾದ, ನಿದ್ದೆಯಲ್ಲಿದ್ದ ಶಿಶುಗಳಿಗೆ ತಾಳ ಕೇಳಿಸಿದರು. ನಡುವೆ ಆವರ್ತದ ಮೊದಲ ಪೆಟ್ಟನ್ನು ಬಿಟ್ಟಾಗ ಶಿಶುಗಳ ಮಿದುಳಿನ ವಿದ್ಯುತ್ ಅಲೆ ಬದಲಾಯಿತು. 2009ರಲ್ಲಿ ಪ್ರಕಟವಾದ ಅಧ್ಯಯನವಿದು. ಬಾರದೇ ಹೋದ ಸದ್ದನ್ನೂ ಎಳೆಯ ಮಿದುಳು ಗುರುತಿಸಿತ್ತು!

ಮುಂದಿನದನ್ನು ಮೊದಲೇ ಕಾಯುವ ಇದೇ ಸೊಗಸು ಕತೆಯಲ್ಲೂ ಇದೆ. ಹಾಡಿ ಕತೆ ಹೇಳುತ್ತಿದ್ದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಓದು ಬರಹ ತಿಳಿಯದ ಆ ತಾಯಿಯ ನಾಲಿಗೆಯ ಮೇಲೆ ಹನ್ನೆರಡು ಬುರ್ರಕಥಾ ಕಾವ್ಯಗಳಿದ್ದವು. ಇಂಥ ಕಾವ್ಯಗಳ ವೀರ ಕುಮಾರರಾಮನ ತಲೆ ಕೊನೆಗೆ ದಿಲ್ಲಿಗೆ ಹೋಗುತ್ತದೆಂದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೇ ಜನ ಬೆಳಗಿನವರೆಗೆ ಕೂರುತ್ತಾರೆ, ಗೊತ್ತಿರುವುದರಿಂದಲೇ ಎದೆ ಮೊದಲೇ ಬಿಗಿಯುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಂಗೀತ ಕೇಳುವವರ ಮಿದುಳಿನಲ್ಲಿ ಇಂಥದೇ ಬಿಗಿತವನ್ನು ಕಂಡಿತು. ಮೈ ಜುಮ್ಮೆನ್ನುವ ಘಳಿಗೆಗಾಗಿ ಕಾಯುವಾಗಲೇ ಮಿದುಳಿನ ಒಂದು ಭಾಗದಲ್ಲಿ ಡೋಪಮೈನ್ ಒಸರುತ್ತದೆ, ಘಳಿಗೆ ಬಂದಾಗ ಇನ್ನೊಂದು ಭಾಗದಲ್ಲಿ.

ಹಾಗಾಗಿ ಸಭಾಭವನಕ್ಕೆಂದು ಅರ್ಧ ಗಂಟೆಗೆ ಕತ್ತರಿಸಿದ ಬಯಲಾಟ ರಸಿಕರಿಗೆ ಸಾಲದು. ಕುಣಿತದ ನಡೆ, ಮದ್ದಲೆಗಾರನ ಕೈಗುಣ ಮೈಗೆ ಹತ್ತುವಷ್ಟರಲ್ಲಿ ಮಂಗಳ ಹಾಡಿಯಾಗಿರುತ್ತದೆ. ನಡುರಾತ್ರಿ ದಾಟಿದ ಮೇಲೆ ಕೇಳಬೇಕು. ಅಷ್ಟು ಹೊತ್ತಿಗೆ ನೂರಾರು ಪಾದಗಳಿಗೆ ಲಯ ಬಾಯಿಪಾಠ. ಆಗ ಒಳ್ಳೆಯ ಮದ್ದಲೆಗಾರ ಒಂದೇ ಒಂದು ಪೆಟ್ಟನ್ನು ಕೂದಲೆಳೆಯಷ್ಟು ತಡೆಹಿಡಿಯುತ್ತಾನೆ, ಚಾಪೆಗಳ ಮೇಲೆ ಎತ್ತಿದ ಪಾದಗಳು ಎತ್ತಿದಲ್ಲೇ ನಿಲ್ಲುತ್ತವೆ.