ಚಂದ್ರಿ ಹತ್ತಿದ ಬಸ್ಸು

ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಮೊದಲು ಓದಿದ್ದು ಬಿಇ ಮಾಡುವಾಗ, ಹಾಸ್ಟೆಲಿನಲ್ಲಿ. ಆಗ ತಲೆಯಲ್ಲಿ ಉಳಿದದ್ದು ಪ್ರಾಣೇಶಾಚಾರ್ಯರು, ಚಂದ್ರಿ ಮತ್ತು ಕಾಡಿನ ಆ ರಾತ್ರಿ, ಅಷ್ಟೇ. ಅದರಲ್ಲಿ ಪ್ಲೇಗು ಬರುತ್ತೆ ಅನ್ನೋದೇ ಮರೆತುಹೋಗಿತ್ತು. ಎರಡನೇ ಸಲ ಓದಿದ್ದು 2021ರ ಮೇ ತಿಂಗಳಲ್ಲಿ, ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿ, ಆಫೀಸಿನ ಕಾಲ್‌ಗಳ ನಡುವೆ. ಈ ಸಲ ಆಚಾರ್ಯರ ಧರ್ಮಸಂಕಟ ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಒಂದು ಸಾದಾ ಪ್ರಶ್ನೆ: ಹೆಣ ಎತ್ತೋರು ಯಾರು?

1965ರಲ್ಲಿ ಬಂದ ಕಾದಂಬರಿ. ಶಿವಮೊಗ್ಗೆಗೆ ಹೋಗಿಬಂದ ನಾರಣಪ್ಪ ಜ್ವರ ಬಂದು ಸಾಯುತ್ತಾನೆ. ಕುಡಿದವನು, ಮಾಂಸ ತಿಂದವನು, ಆದರೂ ಬಹಿಷ್ಕಾರ ಹಾಕಿಸಿಕೊಳ್ಳದೇ ಸತ್ತವನು. ಅವನ ಹೆಣ ಸುಡೋವರೆಗೂ ದೂರ್ವಾಸಪುರದ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಸುಡೋರು ಯಾರು ಅನ್ನೋದು ತೀರ್ಮಾನವಾಗಲ್ಲ. ಇಲಿಗಳು ಸಾಯುತ್ತವೆ, ಹದ್ದುಗಳು ಬಂದು ಮನೆಗಳ ಮೇಲೆ ಕೂರುತ್ತವೆ. ಶಂಖ ಊದಿ, ಜಾಗಟೆ ಬಡಿದು ಓಡಿಸಿದರೆ ಹಾರಿಹೋಗಿ ಮತ್ತೆ ಬರುತ್ತವೆ. ಇಲ್ಲಿ ನನಗೆ ನಗು ಬಂತು. 2020ರ ಮಾರ್ಚ್ 22ರ ಸಂಜೆ 5ಕ್ಕೆ ಬಾಲ್ಕನಿಯಲ್ಲಿ ನಿಂತು ನಾನೂ ಸ್ಟೀಲ್ ತಟ್ಟೆ ಬಡಿದವನೇ. ಡಾಕ್ಟರು, ನರ್ಸುಗಳಿಗೆ ಥ್ಯಾಂಕ್ಸ್ ಹೇಳೋದಕ್ಕೆ ಅಂತ ಕರೆ ಕೊಟ್ಟಿದ್ದು. ಸದ್ದಿಗೇ ವೈರಸ್ ಸಾಯುತ್ತೆ ಅಂತ ನಮ್ಮ ಬ್ಲಾಕಿನವರೊಬ್ಬರು ವಾಟ್ಸಾಪ್‌ನಲ್ಲಿ ವಿಜ್ಞಾನ ಬೇರೆ ಹೇಳಿದ್ದರು.

ಈ ಪ್ಲೇಗನ್ನು ಸಂಕೇತ ಅಂತ ಓದೋದು ರೂಢಿ. ಕೊಳೆಯುತ್ತಿರೋದು ಹೆಣವಲ್ಲ, ಬ್ರಾಹ್ಮಣ್ಯ ಅಂತ. ತಪ್ಪೇನಿಲ್ಲ. ಆದರೆ ಪಕ್ಕದ ಬೀದಿಯಲ್ಲಿ ದಿನಾ ಆಂಬುಲೆನ್ಸ್ ಕೂಗುವಾಗ ರೋಗ ಸಂಕೇತವಾಗಿ ಕಾಣಲ್ಲ ಸ್ವಾಮಿ. ಹಸಿವು ಹಸಿವಾಗಿಯೇ ಕಾಣುತ್ತೆ. ಅದಕ್ಕೇ ಈ ಸಲ ನನಗೆ ಹೆಚ್ಚು ಇಷ್ಟವಾದವನು ದಾಸಾಚಾರ್ಯ. ತಿಥಿಯೂಟಗಳಲ್ಲೇ ಹೊಟ್ಟೆ ಹೊರೆಯುವ ಬಡವ. ಹಸಿವು ತಡೆಯಲಾಗದೆ ಪಾರಿಜಾತಪುರದ ಸ್ಮಾರ್ತ ಮಂಜಯ್ಯನ ಮನೆಗೆ ಹೋಗಿ ಗುಟ್ಟಾಗಿ ಉಪ್ಪಿಟ್ಟು ತಿಂದುಬಿಡುತ್ತಾನೆ. ಆಚಾರ್ಯರಿಗೆ ತಾಳೆಗರಿಯಲ್ಲೂ ಸಿಗದ, ಮಾರುತಿಯೂ ಕೊಡದ ಉತ್ತರ ಇವನಿಗೆ ಒಂದು ತಟ್ಟೆಯಲ್ಲಿ ಸಿಕ್ಕಿತು. ಇವನ ಬಗ್ಗೆ ಬರೆಯುವಾಗ ಅನಂತಮೂರ್ತಿ ತತ್ವ ಬಿಟ್ಟು ಬರೀ ಮನುಷ್ಯನನ್ನು ನೋಡುತ್ತಾರೆ.

ನಮ್ಮಜ್ಜಿ ಹೇಳ್ತಿದ್ದರು, ಇಲಿ ಬಿತ್ತು ಅಂದ್ರೆ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕ್ಕೊಳ್ಳೋರಂತೆ. ಶಾಸ್ತ್ರ ಓದದವರಿಗೆ ಇಷ್ಟು ಗೊತ್ತಿತ್ತು. ಅಗ್ರಹಾರದವರನ್ನು ಕಟ್ಟಿಹಾಕಿದ್ದು ಅಜ್ಞಾನ ಒಂದೇ ಅಲ್ಲ. ಇದು ಯಾರ ಕೆಲಸ ಅನ್ನೋ ಚರ್ಚೆ.

ಆ ಕೆಲಸ ನಿಜವಾಗಿ ಆಗೋದು ಒಂದು ರಾತ್ರಿಯಲ್ಲಿ. ಚಂದ್ರಿ ಹೋಗಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕೇಳುತ್ತಾಳೆ. ಅವನು ಗಾಡಿ ತರುತ್ತಾನೆ, ಕಟ್ಟಿಗೆ ತರುತ್ತಾನೆ, ಇಬ್ಬರೂ ಹೆಣ ಸಾಗಿಸಿ ಸುಡುತ್ತಾರೆ. ಆಮೇಲೆ ಚಂದ್ರಿ ಕುಂದಾಪುರದ ಬಸ್ಸಿಗೆ ಅಂತ ಹೊರಡುತ್ತಾಳೆ. ಮುಗೀತು. ಅಗ್ರಹಾರಕ್ಕೆ ವಿಷಯ ಗೊತ್ತೇ ಇಲ್ಲ, ಅವರ ಚರ್ಚೆ ಮಠದವರೆಗೂ ಹೋಗುತ್ತೆ. ಹೆಣವೇ ಇಲ್ಲದ ಮೇಲೂ ಅದರ ಬಗ್ಗೆ ಮೀಟಿಂಗ್ ನಡೀತಾನೇ ಇರುತ್ತೆ! ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ದೊಡ್ಡ ವ್ಯಂಗ್ಯ ಕಟ್ಟಿದ ಲೇಖಕರು ಅದನ್ನು ಕಟ್ಟೋಕೆ ಬಳಸಿದ ಇಬ್ಬರನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ ಅನ್ನೋದು ನನ್ನ ತಕರಾರು. ಮುಂದಿನ ಪುಟಗಳೆಲ್ಲ ಆಚಾರ್ಯರಿಗೆ. ಹೆಂಡತಿಯನ್ನು ಸುಟ್ಟು ನಡೆದುಹೊರಟ ಅವರು, ಪುಟ್ಟನ ಮಾತು, ಮೇಳಿಗೆಯ ಜಾತ್ರೆ, ಕಾಫಿ. ಬರವಣಿಗೆ ಚೆನ್ನಾಗಿದೆ, ಎರಡನೇ ಸಲವೂ ಎಲ್ಲೂ ಬೋರ್ ಆಗಲಿಲ್ಲ. ಆದರೆ ದೇವಸ್ಥಾನದ ಪಂಕ್ತಿಯಲ್ಲಿ ಕೂತಾಗ ಆಚಾರ್ಯರನ್ನು ಹಿಂಡೋದು ಸೂತಕದ ಭಯ, ಯಾರಾದರೂ ಗುರುತು ಹಿಡಿದಾರು ಅನ್ನೋ ಭಯ. ಪ್ಲೇಗಿನ ಊರಿಂದ ಬಂದವನು ನಾನು, ಪಕ್ಕದ ಎಲೆಯವನ ಗತಿ ಏನು ಅನ್ನೋದಲ್ಲ. ಇನ್ನು ಹೊಲಗೇರಿಯ ಸಾವುಗಳಿಗಂತೂ ಕೆಲವೇ ಸಾಲು. ಅಲ್ಲಿ ಚರ್ಚೆ ಇಲ್ಲ, ಮಠ ಇಲ್ಲ. ಗುಡಿಸಲಿಗೇ ಬೆಂಕಿ ಇಡುತ್ತಾರೆ. ಅಗ್ರಹಾರದ ಕಣ್ಣಿಗೆ ಅವರು ಕಾಣೋದೇ ಅಷ್ಟು ಅಂತ ಕಾದಂಬರಿಯನ್ನು ಸಮರ್ಥಿಸಬಹುದು. ನಾನೂ ಹಾಗೇ ಸಮರ್ಥಿಸುತ್ತಿದ್ದೆ, 2021ಕ್ಕೆ ಮುಂಚೆ.

ಆ ವರ್ಷ ಬೆಂಗಳೂರಿನ ವಿದ್ಯುತ್ ಚಿತಾಗಾರಗಳು ಸಾಲದೆ ತಾವರೆಕೆರೆಯಲ್ಲಿ, ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಹೆಣ ಸುಟ್ಟರು. ಮನೆಯವರು ಹತ್ತಿರ ಬರಲಾಗದ ಎಷ್ಟೋ ಹಿಂದೂಗಳ ಶವ ಸಾಗಿಸಿದ್ದರಲ್ಲಿ ಮುಸ್ಲಿಂ ಹುಡುಗರ ತಂಡಗಳೂ ಇದ್ದವು. ಜೂನ್‌ನಲ್ಲಿ, ಯಾರೂ ತೆಗೆದುಕೊಂಡು ಹೋಗದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲೂಕಿನ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ ಬಿಡಿಸಿತು. ಕಂದಾಯ ಸಚಿವರು ನೀರಿಗಿಳಿದು ನಿಂತ ಫೋಟೊ ನೀವೂ ನೋಡಿರುತ್ತೀರಿ. ಅಹಮದ್ ಬ್ಯಾರಿಗಳ ಫೋಟೊ ಅಷ್ಟಾಗಿ ಬರಲಿಲ್ಲ.

ನಮ್ಮ ಮೂರನೇ ಮಹಡಿಯ ಅಂಕಲ್ ಮನೆಯಲ್ಲೇ ತೀರಿಕೊಂಡಾಗ ಅವರ ಮಗ ಅಮೆರಿಕದಲ್ಲಿ, ಆಂಟಿ ಪಾಸಿಟಿವ್. ಲಿಫ್ಟಿನಲ್ಲಿ ತರಬಹುದಾ, ಮೆಟ್ಟಿಲಲ್ಲೇ ತರಬೇಕಾ, ಆಮೇಲೆ ಸ್ಯಾನಿಟೈಸ್ ಮಾಡಿಸಿದ ಖರ್ಚು ಯಾರದು ಅಂತ ಗ್ರೂಪಿನಲ್ಲಿ ನೂರಾರು ಮೆಸೇಜು. ನಾನು 'ಓಂ ಶಾಂತಿ' ಅಂತ ಒಂದು ಹಾಕಿದೆ. ಕೆಳಗೆ ಇಳಿಯಲಿಲ್ಲ. ಪಿಪಿಇ ಕಿಟ್ ಹಾಕಿದ್ದ ಇಬ್ಬರು ಹುಡುಗರು ಬಂದು ಮೆಟ್ಟಿಲಲ್ಲೇ ಇಳಿಸಿಕೊಂಡು ಹೋದರು. ಬಾಲ್ಕನಿಯಿಂದ ನೋಡಿದೆ, ತಟ್ಟೆ ಬಡಿದ ಅದೇ ಬಾಲ್ಕನಿ. ವ್ಯಾನ್ ಬಾಗಿಲು ಹಾಕಿದ ಮೇಲೆ ಅವರಲ್ಲೊಬ್ಬ ಗೇಟಿನ ಸೆಕ್ಯೂರಿಟಿಯವರನ್ನು ನೀರು ಕೇಳಿದ. ಅವರು ಬಾಟಲಿಯನ್ನು ನೆಲದ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.