ಆದೇಶ ಕೊಟ್ಟವರು ಉತ್ತರವನ್ನೂ ಓದಬೇಕು

1975ರ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಮುಟ್ಟಿಸುವ ‘ಸೈಟ್’ ಪ್ರಯೋಗ ಶುರುವಾಯಿತು. ಉಪಗ್ರಹ ನಾಸಾದ ಎಟಿಎಸ್-6. ನೆಲದ ಮೇಲಿನ ಹೊಣೆ ಇಸ್ರೋದ್ದು. ನೋಡುಗರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳ ಜನ. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಈಗ ಯಾದಗಿರಿ ಜಿಲ್ಲೆಯಲ್ಲಿರುವ ಹುಣಸಗಿ, ಸುರಪುರ, ಶಹಾಪುರ ಆಗ ಗುಲ್ಬರ್ಗಕ್ಕೆ ಸೇರಿದ್ದವು. ಒಂದೇ ಚಿತ್ರಕ್ಕೆ ಕನ್ನಡ ಮತ್ತು ತೆಲುಗಿನ ಎರಡು ಧ್ವನಿಗಳನ್ನು ಕೂಡಿಸಿ ಕಳಿಸುತ್ತಿದ್ದ ಆ ಕಾರ್ಯಕ್ರಮಗಳು ಒಂದು ವರ್ಷ ನಡೆದು ನಿಂತವು. ಯಾವ ಚಿತ್ರ ಯಾವ ಕ್ಷಣದಲ್ಲಿ ಪರದೆಗೆ ಬರಬೇಕೆಂಬುದು ದೂರದ ಸ್ಟುಡಿಯೋದಲ್ಲಿ ತೀರ್ಮಾನವಾಗುತ್ತಿತ್ತು. ಹಳ್ಳಿಗೆ ಸಿಕ್ಕದ್ದು ನೋಡುವ ಅವಕಾಶ ಮಾತ್ರ.

ಆ ತೀರ್ಮಾನ ಈಗ ಊರಿನವರ ಕೈಗೆ ಬಂದಿದೆ. ಶ್ರಾವಣದ ಪುರಾಣ ಪ್ರವಚನ, ಜಾತ್ರೆ, ಸಾಮೂಹಿಕ ವಿವಾಹ, ಶಾಲೆಯ ವಾರ್ಷಿಕೋತ್ಸವ ಎಲ್ಲಕ್ಕೂ ಎರಡು ಮೂರು ಕ್ಯಾಮೆರಾ, ಒಂದು ಮಿಕ್ಸರ್, ವೇದಿಕೆ ಪಕ್ಕದಲ್ಲಿ ಎಲ್‌ಇಡಿ ಪರದೆ, ಜೊತೆಗೆ ಯೂಟ್ಯೂಬ್ ಲೈವ್. ಮಿಕ್ಸರಿನ ಗುಂಡಿಗಳನ್ನು ಕೈಯಿಂದ ಒತ್ತುವುದು ನಮಗೆಲ್ಲ ಗೊತ್ತಿರುವ ಪದ್ಧತಿ. ಅದೇ ಪೆಟ್ಟಿಗೆಗೆ ಸೀರಿಯಲ್ ಕೇಬಲ್ಲಿನಿಂದಲೋ ನೆಟ್‌ವರ್ಕ್ ತಂತಿಯಿಂದಲೋ ಒಂದು ಸಾಲು ಅಕ್ಷರ ಕಳಿಸಿ ಚಿತ್ರ ಬದಲಿಸುವುದು ಇನ್ನೊಂದು ಪದ್ಧತಿ. ಅದರ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ, ಬಳಕೆ ಮಾತ್ರ ಹೆಚ್ಚುತ್ತಿದೆ. ಅದರ ಗುಣದೋಷಗಳನ್ನು ತೂಗಿ ನೋಡಬೇಕಾದ ಹೊತ್ತು ಇದು.

ಮೊದಲು ಅದರ ರೂಪ. ಸೀರಿಯಲ್ ಸಂಪರ್ಕದ ಆರ್‌ಎಸ್-232 ಮಾನದಂಡ 1960ರಷ್ಟು ಹಳೆಯದು. ಎಕ್ಸ್‌ಟ್ರಾನ್ ಕಂಪನಿಯ ಸ್ವಿಚ್ಚರ್‌ಗಳು, ಅಂದರೆ ಚಿತ್ರ ಬದಲಿಸುವ ಪೆಟ್ಟಿಗೆಗಳು, ಅದರ ಮೇಲೆ ಆಡುವ ಭಾಷೆಯಲ್ಲಿ ‘3*2!’ ಎಂದು ಬರೆದರೆ ಮೂರನೇ ಒಳಬದಿಗೆ (ಇನ್‌ಪುಟ್) ಬಂದ ಚಿತ್ರ ಮತ್ತು ಧ್ವನಿಯನ್ನು ಎರಡನೇ ಹೊರಬದಿಗೆ (ಔಟ್‌ಪುಟ್) ಕೊಡು ಎಂದರ್ಥ. ನಾಲ್ಕೇ ಚಿಹ್ನೆಗಳು. ಸಾಮಾನ್ಯವಾಗಿ ಇಟ್ಟುಕೊಳ್ಳುವ 9,600 ಬಾಡ್ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ ಸಾಗುತ್ತವೆ, ಆದ್ದರಿಂದ ಈ ಆದೇಶ ತಲುಪಲು ನಾಲ್ಕು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಸಾಕು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ನಿಲ್ಲುವುದು 40 ಮಿಲಿಸೆಕೆಂಡು. ಅರವತ್ತು ವರ್ಷ ದಾಟಿದ ತಂತ್ರ ನಿಧಾನ ಎಂದು ದೂರುವುದಕ್ಕೆ ಇಲ್ಲಿ ಆಧಾರವಿಲ್ಲ.

ಈ ಪದ್ಧತಿಯ ಮೊದಲ ಹಿರಿಮೆ ಅದು ಓದಲು ಬರುತ್ತದೆ ಎಂಬುದು. ಕ್ರೇಮರ್ ಕಂಪನಿಯ ಎರಡು ತಲೆಮಾರಿನ ಭಾಷೆಗಳನ್ನು ಅಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಹಳೆಯ ‘ಪ್ರೊಟೊಕಾಲ್ 2000’ದಲ್ಲಿ ಮೂರನೇ ಯಂತ್ರದ ಐದನೇ ಒಳಬದಿಯನ್ನು ಏಳನೇ ಹೊರಬದಿಗೆ ಜೋಡಿಸಬೇಕಾದರೆ 01 85 87 83 ಎಂಬ ನಾಲ್ಕು ಬೈಟುಗಳನ್ನು ಕಳಿಸಬೇಕು. ಹದಿನಾರರ ಲೆಕ್ಕದ ಈ ಅಂಕಿಗಳಲ್ಲಿ ಮೊದಲನೆಯದು ಕೆಲಸ. ಉಳಿದ ಮೂರರಲ್ಲಿ ನಿಜವಾದ ಸಂಖ್ಯೆಗೆ 80 ಕೂಡಿರುತ್ತದೆ. ಕೈಪಿಡಿ ಇಲ್ಲದವನಿಗೆ ಅದು ಬರೀ ಅಂಕಿಗಳ ಸಾಲು. ಅದೇ ಕಂಪನಿಯ ‘ಪ್ರೊಟೊಕಾಲ್ 3000’ದಲ್ಲಿ # ಚಿಹ್ನೆ, ವಿಡಿಯೊ ಎಂಬುದರ ಮೂರಕ್ಷರದ ಗುರುತು, ಆಮೇಲೆ 5>7. ಐದರಿಂದ ಏಳಕ್ಕೆ ಎಂದು ಬಾಣವೇ ಹೇಳುತ್ತದೆ. ಪಿಯುಸಿ ಓದಿದ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಯಬಲ್ಲರು. ತಪ್ಪಾದಾಗ ಎಲ್ಲಿ ತಪ್ಪಿತೆಂದು ತಾವೇ ಕಂಡುಕೊಳ್ಳಬಲ್ಲರು. ರಿಪೇರಿಗೆ ಕಲಬುರಗಿಗೋ ಹೈದರಾಬಾದಿಗೋ ಹೋಗಬೇಕಾದ ಊರಿನಲ್ಲಿ ಇದರ ಬೆಲೆ ದೊಡ್ಡದು.

ಎರಡನೆಯ ಹಿರಿಮೆ ಇನ್ನೂ ಮುಖ್ಯವಾದದ್ದು: ಯಂತ್ರ ಉತ್ತರಿಸುತ್ತದೆ. ‘3*2!’ ಎಂದರೆ ಎಕ್ಸ್‌ಟ್ರಾನ್ ಪೆಟ್ಟಿಗೆ ಹೊರಬದಿ 02ಕ್ಕೆ ಒಳಬದಿ 03 ಸೇರಿತು ಎಂದು ತಿರುಗಿ ಹೇಳುತ್ತದೆ. ಇಲ್ಲದ ಒಳಬದಿಯನ್ನು ಕೇಳಿದರೆ ‘ಇ01’, ಅರ್ಥವಾಗದ ಆದೇಶಕ್ಕೆ ‘ಇ10’ ಎಂದು ತಪ್ಪಿನ ಜಾತಿಯನ್ನೂ ತಿಳಿಸುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ವಿಡಿಯೊಹಬ್ ಎಂಬ ಸ್ವಿಚ್ಚರ್ ನೆಟ್‌ವರ್ಕಿನ 9990ನೇ ಪೋರ್ಟಿನಲ್ಲಿ ‘ಆ್ಯಕ್’ ಎಂದು ಒಪ್ಪಿಕೊಳ್ಳುತ್ತದೆ, ‘ನ್ಯಾಕ್’ ಎಂದು ನಿರಾಕರಿಸುತ್ತದೆ. ಲೈವ್ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ವಿಮಿಕ್ಸ್ ತಂತ್ರಾಂಶ 8099ನೇ ಪೋರ್ಟಿನಲ್ಲಿ ಇದಕ್ಕಿಂತ ಮುಂದೆ ಹೋಗಿ ಪ್ರತಿ ಒಳಬದಿಯ ಸ್ಥಿತಿಯನ್ನು ಒಂದೊಂದು ಅಂಕಿಯಲ್ಲಿ ಕೊಡುತ್ತದೆ: 0 ಎಂದರೆ ಸುಮ್ಮನಿದೆ, 1 ಎಂದರೆ ಪರದೆಯ ಮೇಲಿದೆ, 2 ಎಂದರೆ ಮುಂದಿನ ಸರದಿಗೆ ಸಿದ್ಧವಿದೆ. ಕ್ಯಾಮೆರಾ ಹಿಡಿದವನ ಮುಂದೆ ಕೆಂಪು ದೀಪ ಹೊತ್ತಿಸಲು ಈ ಅಂಕಿಗಳೇ ಸಾಕು.

ಇಷ್ಟೆಲ್ಲ ಸೌಕರ್ಯ ಇದ್ದರೂ ಬಳಸುವವರು ಆ ಉತ್ತರವನ್ನು ಓದುವುದಿಲ್ಲ. ಈ ಪದ್ಧತಿಯ ದೊಡ್ಡ ದೋಷ ಇದೇ, ಇದು ಯಂತ್ರದ ದೋಷವಲ್ಲ. ಟ್ಯಾಬ್ಲೆಟ್ಟಿನ ಮೇಲೆ ಬಣ್ಣದ ಗುಂಡಿಗಳ ಪುಟವೊಂದನ್ನು ಮಾಡಿ, ಗುಂಡಿ ಒತ್ತಿದ ಕೂಡಲೇ ಅದು ಹಸಿರಾಗುವಂತೆ ಬರೆದಿರುತ್ತಾರೆ. ಸ್ವಿಚ್ಚರ್ ಒಪ್ಪಿತೋ ಇಲ್ಲವೋ, ಹಸಿರು ಬಂದೇ ಬರುತ್ತದೆ. ಆದೇಶ ಹೊರಟಿತು ಎಂಬುದನ್ನು ಕೆಲಸ ಆಯಿತು ಎಂದು ತೋರಿಸುವ ಇಂಥ ಪುಟ ಆಪರೇಟರನಿಗೆ ಸುಳ್ಳು ಹೇಳುತ್ತದೆ. ಉತ್ತರ ಬಂದ ಮೇಲೆಯೇ ಗುಂಡಿಯ ಬಣ್ಣ ಬದಲಾಗಬೇಕು. ಒಪ್ಪಿಗೆಯ ಉತ್ತರಕ್ಕೂ ಒಂದು ಮಿತಿಯಿದೆ. ಎರಡನೇ ಕ್ಯಾಮೆರಾದ ಕೇಬಲ್ ಜನರ ಕಾಲಿಗೆ ಸಿಕ್ಕಿ ಕಿತ್ತುಹೋಗಿದ್ದರೂ ಸ್ವಿಚ್ಚರ್ ಅದನ್ನು ಆರಿಸಿ, ಆಯಿತು ಎನ್ನುತ್ತದೆ, ಪರದೆ ಕಪ್ಪಾಗುತ್ತದೆ. ಒಳಬದಿಗೆ ಸಿಗ್ನಲ್ ಇದೆಯೇ ಎಂದು ಮೊದಲು ಕೇಳಿ ಆಮೇಲೆ ಕಟ್ ಮಾಡುವ ಶಿಸ್ತನ್ನು ಬರೆಯುವವರೇ ಬರೆಯಬೇಕು.

ಸೀರಿಯಲ್‌ನಿಂದ ನೆಟ್‌ವರ್ಕಿಗೆ ಬಂದಾಗ ಲಾಭ ಹೆಚ್ಚುತ್ತದೆ, ತೊಡಕೂ ಹೆಚ್ಚುತ್ತದೆ. ಆರ್‌ಎಸ್-232 ಕೇಬಲ್ ಸುಮಾರು 15 ಮೀಟರಿನ ಮಾತು. ಒಂದು ತುದಿಯಲ್ಲಿ ಒಬ್ಬನೇ ಒಡೆಯ. ಆರ್‌ಎಸ್-422 ಆದರೆ ನಿಧಾನ ವೇಗದಲ್ಲಿ 1,200 ಮೀಟರಿನವರೆಗೆ ಹೋಗುತ್ತದೆ. ನೆಟ್‌ವರ್ಕಿಗೆ ಇಂಥ ಗಡಿಯಿಲ್ಲ, ಒಡೆಯರೂ ಹಲವರು. ವೇದಿಕೆ ಬಳಿಯ ಲ್ಯಾಪ್‌ಟಾಪ್ ಒಂದು ಚಿತ್ರ ಹಾಕಿದರೆ ಶಾಮಿಯಾನದ ಹಿಂದಿನ ಟ್ಯಾಬ್ಲೆಟ್ ಇನ್ನೊಂದನ್ನು ಹಾಕಬಹುದು. ವಿಡಿಯೊಹಬ್ ಈ ಸಮಸ್ಯೆಗೆ ಕೊಟ್ಟ ಪರಿಹಾರ ಮೆಚ್ಚುವಂಥದ್ದು. ಯಾರೇ ಜೋಡಣೆ ಬದಲಿಸಲಿ, ಹೊಸ ಸ್ಥಿತಿಯನ್ನು ಸಂಪರ್ಕದಲ್ಲಿರುವ ಎಲ್ಲರಿಗೂ ಅದು ತಾನಾಗಿ ತಿಳಿಸುತ್ತದೆ. ಒಂದು ಹೊರಬದಿಗೆ ಬೀಗ ಹಾಕಿ ಇತರರು ಮುಟ್ಟದಂತೆ ಮಾಡಲೂ ಬರುತ್ತದೆ. ಅದೇ ಭಾಷೆಯಲ್ಲಿ ಒಂದು ಕಿರಿಕಿರಿಯೂ ಇದೆ: ಪೆಟ್ಟಿಗೆಯ ಹಿಂಬದಿಯಲ್ಲಿ ಅಚ್ಚಾದ ಎಣಿಕೆ 1ರಿಂದ, ಆದೇಶದ ಎಣಿಕೆ ಸೊನ್ನೆಯಿಂದ. ಹೊಸಬರು ಪ್ರತಿಸಲ ಪಕ್ಕದ ಕ್ಯಾಮೆರಾವನ್ನೇ ತೋರಿಸಿ ಗಲಿಬಿಲಿಯಾಗುತ್ತಾರೆ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಭಾಷೆಯಲ್ಲಿ ಈ ಒಡಕು ಉಳಿಯಬಾರದಿತ್ತು.

ನಮ್ಮ ಕಡೆಯ ನಿಜವಾದ ಪರೀಕ್ಷೆ ಕರೆಂಟಿನದು. ವಿದ್ಯುತ್ ಹೋಗಿ ಜನರೇಟರ್ ಹತ್ತುವ ನಡುವಿನ ಗಳಿಗೆಯಲ್ಲಿ ಪೆಟ್ಟಿಗೆ ಆರಿ ಮತ್ತೆ ಎದ್ದರೆ, ಬ್ಯಾಟರಿಯ ಮೇಲಿದ್ದ ಲ್ಯಾಪ್‌ಟಾಪಿಗೆ ಅದು ಗೊತ್ತಾಗುವುದಿಲ್ಲ. ಸತ್ತ ಸಂಪರ್ಕವನ್ನು ಬದುಕಿದೆ ಎಂದೇ ನಂಬಿ ಅದು ಆದೇಶ ಕಳಿಸುತ್ತಿರುತ್ತದೆ. ವಿಡಿಯೊಹಬ್ ಭಾಷೆಯಲ್ಲಿ ‘ಪಿಂಗ್’ ಎಂದು ಆಗಾಗ ಕೇಳುವ ವ್ಯವಸ್ಥೆ ಇರುವುದು ಇದಕ್ಕಾಗಿ. ಉತ್ತರ ಬಾರದಿದ್ದರೆ ಸಂಪರ್ಕ ಕಡಿದು ಹೊಸದಾಗಿ ಕಟ್ಟಬೇಕು, ಕಟ್ಟಿದ ಮೇಲೆ ಈಗಿನ ಜೋಡಣೆ ಏನೆಂದು ಯಂತ್ರವನ್ನೇ ಕೇಳಬೇಕು. ಹಿಂದಿನ ನೆನಪನ್ನು ನಂಬಿ ಮುಂದುವರಿಯುವ ಪ್ರೋಗ್ರಾಮ್ ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣದಲ್ಲಿ ನಡೆದೀತು, ಹುಣಸಗಿಯ ಜಾತ್ರೆಯಲ್ಲಿ ನಡೆಯದು.

ಈ ಶಿಸ್ತು ಹುಣಸಗಿಗೆ ಹೊಸದಲ್ಲ ಎಂಬುದನ್ನು ನೆನಪಿಡಬೇಕು. ನಾರಾಯಣಪುರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣದ ಯೋಜನೆ 2023ರ ಜನವರಿ 19ರಂದು ಇದೇ ತಾಲ್ಲೂಕಿನ ಕೊಡೇಕಲ್‌ನಲ್ಲಿ ಪ್ರಧಾನಿಯವರಿಂದ ಉದ್ಘಾಟನೆಯಾಯಿತು. ಸುಮಾರು 4,700 ಕೋಟಿ ರೂಪಾಯಿಯ ಕೆಲಸ, 10,000 ಕ್ಯುಸೆಕ್ ಹರಿಸುವ ಕಾಲುವೆ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಇಲ್ಲಿ ಸ್ಕಾಡಾ ತಂತ್ರದಿಂದ ಗೇಟುಗಳನ್ನು ದೂರದ ಕೊಠಡಿಯಿಂದ ಏರಿಸಿ ಇಳಿಸುವ ವ್ಯವಸ್ಥೆ ಮಾಡಿದ್ದಾರೆ. ಗೇಟಿಗೆ ‘ತೆರೆ’ ಎಂದರೆ ಸಾಲದು. ಗೇಟು ಎಷ್ಟು ತೆರೆದಿದೆ, ನೀರು ಎಷ್ಟು ಹರಿಯುತ್ತಿದೆ ಎಂಬ ವರದಿ ತಿರುಗಿ ಬಂದಾಗಲೇ ಆದೇಶ ಪೂರ್ತಿ. ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಬೇಕಾದದ್ದು ನೀರು, ಕೊಠಡಿಯಲ್ಲಿ ಒತ್ತಿದ ಗುಂಡಿ ಅಲ್ಲ. ಒಂದು ಮೂಲದಿಂದ ಹಲವು ವಿತರಣಾ ಕಾಲುವೆಗಳಿಗೆ ಹಂಚುವ ಗೇಟುಗಳ ಕೆಲಸವನ್ನೇ ಚಿತ್ರಗಳ ಪಾಲಿಗೆ ಮ್ಯಾಟ್ರಿಕ್ಸ್ ಸ್ವಿಚ್ಚರ್ ಮಾಡುತ್ತದೆ. ನೀರಿನ ವಿಷಯದಲ್ಲಿ ನಾವು ಕೇಳುವ ಖಾತರಿಯನ್ನು ಚಿತ್ರದ ವಿಷಯದಲ್ಲೂ ಕೇಳಬೇಕು.

ಮುಂದಿನದು ಭದ್ರತೆಯ ಪ್ರಶ್ನೆ, ಇಲ್ಲಿ ನನ್ನ ತಕರಾರು ಗಟ್ಟಿಯಾದದ್ದು. ವಿಡಿಯೊಹಬ್‌ನ 9990ನೇ ಪೋರ್ಟ್ ಹೆಸರು ಕೇಳುವುದಿಲ್ಲ, ಗುಪ್ತಪದ ಕೇಳುವುದಿಲ್ಲ. ಅದೇ ವೈಫೈಗೆ ಸೇರಿದ ಯಾವ ಮೊಬೈಲಿನಿಂದಲೂ ಆದೇಶ ಹೋಗಬಹುದು. ಇಂಥ ಭಾಷೆಗಳು ನಂಬಿಕಸ್ಥರಷ್ಟೇ ಇರುವ ಸ್ಟುಡಿಯೋದ ಕಾಲದಲ್ಲಿ ಹುಟ್ಟಿದವು. ಜಾತ್ರೆಯ ಬಯಲು ಅಂಥ ಸ್ಟುಡಿಯೋ ಅಲ್ಲ. ಇದಕ್ಕೆ ಹೋಲಿಸಿದರೆ ಲೈವ್ ಕೆಲಸದ ಉಚಿತ ತಂತ್ರಾಂಶವಾದ ಒಬಿಎಸ್ ಒಳ್ಳೆಯ ದಾರಿ ಹಿಡಿದಿದೆ. 2022ರಲ್ಲಿ ಬಂದ ಅದರ 28ನೇ ಆವೃತ್ತಿಯಿಂದ ದೂರನಿಯಂತ್ರಣದ ಸೌಲಭ್ಯ ಒಳಗೇ ಇದೆ, 4455ನೇ ಪೋರ್ಟಿನಲ್ಲಿ, ಗುಪ್ತಪದದ ರಕ್ಷಣೆಯೊಡನೆ. ಪರದೆಗೆ ಯಾರು ಏನು ಹಾಕಬಹುದು ಎಂಬ ಪ್ರಶ್ನೆ ಎಷ್ಟು ಗಂಭೀರವಾದದ್ದೆಂದು 2023ರ ಡಿಸೆಂಬರ್ ತೋರಿಸಿಕೊಟ್ಟಿತು. ಕಿಡಿಗೇಡಿಗಳು ಹೈಕೋರ್ಟಿನ ವಿಡಿಯೊ ಕಲಾಪಕ್ಕೆ ನುಗ್ಗಿ ಅಶ್ಲೀಲ ದೃಶ್ಯ ಹಾಕಿದ್ದರಿಂದ ಬೆಂಗಳೂರು, ಧಾರವಾಡ ಮತ್ತು ಕಲಬುರಗಿ ಪೀಠಗಳಲ್ಲಿ ನೇರ ಪ್ರಸಾರವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅಲ್ಲಿ ನುಗ್ಗಿದ ಬಾಗಿಲು ಬೇರೆ, ಅದು ವಿಡಿಯೊ ಸಭೆಯ ಬಾಗಿಲು. ಆದರೆ ಬೀಗವಿಲ್ಲದ ಬಾಗಿಲು ಸ್ವಿಚ್ಚರಿನದಾದರೂ ಅನಾಹುತ ಅದೇ. ನಿಯಂತ್ರಣದ ನೆಟ್‌ವರ್ಕನ್ನು ಅತಿಥಿಗಳ ವೈಫೈನಿಂದ ಬೇರ್ಪಡಿಸುವುದು ಒಂದು ಅಗ್ಗದ ರೌಟರಿನಿಂದ ಆಗುವ ಕೆಲಸ. ಅದನ್ನು ಮಾಡದ ತಂಡ ಎಷ್ಟೇ ಚೆಂದದ ಚಿತ್ರ ಕೊಟ್ಟರೂ ಅದರ ಕೆಲಸ ಅರ್ಧ.

ಎಲ್ಲ ಕೆಲಸಕ್ಕೂ ಈ ಪದ್ಧತಿ ಬೇಕೆಂದು ನಾನು ವಾದಿಸುವುದಿಲ್ಲ. ಪುರಾಣ ಹೇಳುವ ಸ್ವಾಮಿಗಳು ಮಾತಿನ ನಡುವೆ ಒಮ್ಮೆ ತಡೆದು ಸಭೆಯತ್ತ ನೋಡಿದಾಗ ಯಾವ ಮುಖಕ್ಕೆ ಕಟ್ ಮಾಡಬೇಕೆಂಬುದು ಕಣ್ಣು ಮತ್ತು ಕೈ ಸೇರಿ ಹೇಳುವ ಮಾತು. ಅಲ್ಲಿ ಗುಂಡಿಯ ಮೇಲಿನ ಬೆರಳಿಗೆ ಸಾಟಿಯಿಲ್ಲ. ಹತ್ತು ಸೆಕೆಂಡಿಗೊಮ್ಮೆ ಕ್ಯಾಮೆರಾ ಬದಲಿಸುವಂತೆ ಬರೆದ ಸ್ವಯಂಚಾಲಿತ ಸಾಲುಗಳು ಭಜನೆಯ ತಾಳವನ್ನು ಕೊಂದುಹಾಕುತ್ತವೆ. ಅಕ್ಷರದ ಆದೇಶ ಹೊಂದುವುದು ದಿನವೂ ಒಂದೇ ಕ್ರಮದಲ್ಲಿ ನಡೆಯುವ ಕೆಲಸಕ್ಕೆ: ತರಗತಿಯಲ್ಲಿ ಬೋರ್ಡಿನಿಂದ ಶಿಕ್ಷಕರ ಮುಖಕ್ಕೆ, ಸಭಾಂಗಣದಲ್ಲಿ ಪ್ರೊಜೆಕ್ಟರ್ ಹಚ್ಚಿ ಒಳಬದಿ ಆರಿಸುವುದಕ್ಕೆ, ನ್ಯಾಯಾಲಯದಲ್ಲಿ ವಕೀಲರ ಕ್ಯಾಮೆರಾದಿಂದ ದಾಖಲೆಯ ಕ್ಯಾಮೆರಾಕ್ಕೆ. ಒಬ್ಬನೇ ಸಿಬ್ಬಂದಿ ಇರುವ ಕಡೆ ಅದು ಎರಡನೇ ಕೈಯಾಗುತ್ತದೆ.

ಕೊನೆಯ ಮಾತು ಕಂಪನಿಗಳಿಗೆ ಮತ್ತು ಕೊಳ್ಳುವವರಿಗೆ. ವಿಡಿಯೊಹಬ್‌ನ ಭಾಷೆಯನ್ನು ಬಿಚ್ಚಿಟ್ಟ ಅದೇ ಬ್ಲ್ಯಾಕ್‌ಮ್ಯಾಜಿಕ್ ತನ್ನ ಜನಪ್ರಿಯ ಎಟಿಇಎಮ್ ಮಿಕ್ಸರ್‌ಗಳಿಗೆ ಓದಲಾಗದ ಬೈಟುಗಳ ಭಾಷೆ ಇಟ್ಟಿತು. ಪ್ರೋಗ್ರಾಮ್ ಬರೆಯುವವರಿಗೆ ಸಿದ್ಧ ಲೈಬ್ರರಿ ಕೊಟ್ಟಿತು, ತಂತಿಯ ಮೇಲಿನ ವ್ಯಾಕರಣ ಕೊಡಲಿಲ್ಲ. ಹವ್ಯಾಸಿಗಳು ತಂತಿಯಲ್ಲಿ ಹರಿಯುವುದನ್ನು ಗಮನಿಸಿ, ಊಹಿಸಿ ಅದನ್ನು ಬಿಡಿಸಿಕೊಂಡರು. ಅವರ ಶ್ರಮ ದೊಡ್ಡದು. ಆದರೆ ಹಣ ಕೊಟ್ಟು ಕೊಂಡ ಯಂತ್ರದ ಜೊತೆ ಮಾತಾಡಲು ಇಂಥ ಶ್ರಮ ಬೇಕಾಗಬಾರದು. ಒಂದು ಗ್ರಾಮ ಪಂಚಾಯಿತಿಯಾಗಲಿ, ಕಾಲೇಜಾಗಲಿ, ಮಠವಾಗಲಿ ಸ್ವಿಚ್ಚರ್ ಕೊಳ್ಳುವಾಗ ಟೆಂಡರಿನಲ್ಲಿ ಮೂರು ಷರತ್ತು ಬರೆಯಲಿ: ಆದೇಶಗಳ ಪೂರ್ತಿ ಪಟ್ಟಿ ಕೈಗೆ ಬರಬೇಕು, ಯಂತ್ರ ತನ್ನ ಈಗಿನ ಸ್ಥಿತಿಯನ್ನು ಕೇಳಿದಾಗ ಹೇಳಬೇಕು, ಗುಪ್ತಪದವಿಲ್ಲದೆ ಯಾರೂ ಅದನ್ನು ಮುಟ್ಟುವಂತಿರಬಾರದು. ಜೊತೆಗೆ ಆ ಪಟ್ಟಿಯ ಕನ್ನಡ ವಿವರಣೆಯೂ ಪೆಟ್ಟಿಗೆಯ ಪಕ್ಕದಲ್ಲಿರಲಿ. ಆದೇಶದ ಅಕ್ಷರಗಳು ರೋಮನ್ ಲಿಪಿಯಲ್ಲಿದ್ದರೂ ಅವು ಏನು ಮಾಡುತ್ತವೆಂದು ಕನ್ನಡದಲ್ಲಿ ಹೇಳಲು ಅಡ್ಡಿಯೇನೂ ಇಲ್ಲ. ಒಬಿಎಸ್‌ನಲ್ಲಿ ದೃಶ್ಯಗಳ ಹೆಸರನ್ನೇ ಕನ್ನಡದಲ್ಲಿ ಇಟ್ಟು ಆ ಹೆಸರಿನಿಂದಲೇ ಕರೆಯಬಹುದು.

ಒಟ್ಟಿನಲ್ಲಿ ಈ ಪದ್ಧತಿ ಒಳ್ಳೆಯದು, ಹರಡಬೇಕಾದದ್ದು. ಅದರ ಯೋಗ್ಯತೆ ನಿಂತಿರುವುದು ಯಂತ್ರದ ಉತ್ತರವನ್ನು ಕಾಯುವ, ಓದುವ, ಅದಕ್ಕೆ ತಕ್ಕಂತೆ ನಡೆಯುವ ಅಭ್ಯಾಸದ ಮೇಲೆ. ಆ ಅಭ್ಯಾಸವಿಲ್ಲದ ದೂರನಿಯಂತ್ರಣಕ್ಕಿಂತ ಮಿಕ್ಸರ್ ಮುಂದೆ ಕೂತ ಒಬ್ಬ ಎಚ್ಚರದ ಹುಡುಗ ಎಷ್ಟೋ ಮೇಲು. ಅಭ್ಯಾಸವಿದ್ದರೆ ಅದೇ ಹುಡುಗ ಒಂದು ತಾಲ್ಲೂಕಿನ ಹತ್ತು ಸಭಾಂಗಣಗಳನ್ನು ನಂಬಿಕೆಯಿಂದ ನಡೆಸಬಲ್ಲ.